ಟೈಮ್‌ಕೋಡ್ ಪ್ಲೇಟಾ, ಟೈಮ್‌ಕೋಡ್ ಸಿಡಿನಾ: ಎರಡನ್ನೂ ಮದುವೆಗೆ ಹೊತ್ಕೊಂಡು ಹೋದ್ಮೇಲೆ

ಲ್ಯಾಪ್‌ಟಾಪಲ್ಲಿ ಸೆರಾಟೊ ಅನ್ನೋ ಡಿಜೆ ಸಾಫ್ಟ್‌ವೇರ್ ಇಟ್ಕೊಂಡು ಅದನ್ನ ಟರ್ನ್‌ಟೇಬಲಿಂದ ಆಡ್ಸೋದು ಒಳ್ಳೇದಾ ಸಿಡಿ ಪ್ಲೇಯರಿಂದ ಒಳ್ಳೇದಾ ಅಂತ ನಮ್ ತುಮಕೂರು ಹುಡುಗ್ರು ಸಿಕ್ಕಾಗೆಲ್ಲಾ ಕೇಳ್ತಾರೆ, ನಾನು ಎರಡು ಮದುವೆ ಸೀಸನ್ ಎರಡನ್ನೂ ಆಟೋಗೆ ಏರ್ಸಿ ಇಳ್ಸಿದೀನಿ, ಹಂಗಾಗಿ ಹೇಳೋ ಹಕ್ಕು ಸ್ವಲ್ಪ ಐತೆ ಅನ್ಕೊಂಡಿದೀನಿ.

ಮೊದ್ಲು ಒಂದು ವಿಷ್ಯ. ಟೈಮ್‌ಕೋಡ್ ಪ್ಲೇಟಲ್ಲಿ ಹಾಡೇ ಇರಲ್ಲ ಗುರು. ಬರೀ ಕುಯ್ಯ್ ಅನ್ನೋ ಸದ್ದು, ಸೆರಾಟೊದ್ದು 1000 ಹರ್ಟ್ಜ್, ಟ್ರಾಕ್ಟರ್ ಅನ್ನೋ ಇನ್ನೊಂದು ಡಿಜೆ ಸಾಫ್ಟ್‌ವೇರ್‌ನ ಎಂಕೆ2 ಪ್ಲೇಟಿಂದು 2500. ಆ ಸದ್ದು ಎಷ್ಟು ಏರ್ತು ಇಳೀತು ಅನ್ನೋದ್ರಿಂದ ಸ್ಪೀಡು, ಎಡ ಬಲ ಎರಡು ಚಾನಲಲ್ಲಿ ಯಾವ್ದು ಮುಂದೈತೆ ಅನ್ನೋದ್ರಿಂದ ದಿಕ್ಕು, ಅದರೊಳಗೆ ಬಚ್ಚಿಟ್ಟಿರೋ ಕೋಡಿಂದ ಮುಳ್ಳು ಎಲ್ಲೈತೆ ಅನ್ನೋದು ಸಾಫ್ಟ್‌ವೇರ್‌ಗೆ ಗೊತ್ತಾಗುತ್ತೆ. ಇಂಥದ್ದೇ ಸದ್ದನ್ನ ಸಿಡಿಗೆ ಬರೆದ್ರೆ ಟೈಮ್‌ಕೋಡ್ ಸಿಡಿ, ಅಷ್ಟೆ. ಸಾಫ್ಟ್‌ವೇರ್‌ಗೆ ಎರಡೂ ಒಂದೇ. ವ್ಯತ್ಯಾಸ ಎಲ್ಲಾ ನಿಮ್ ಕೈಗೆ, ಕರೆಂಟಿಗೆ, ಮುಖ್ಯವಾಗಿ ಸ್ಟೇಜಿಗೆ.

ಗುಬ್ಬಿ ಹತ್ರ ಒಂದು ರಿಸೆಪ್ಶನ್ನು. ಸ್ಟೇಜ್ ಅಂದ್ರೆ ಡ್ರಮ್ ಮೇಲೆ ಹಲಗೆ ಹಾಸಿದ್ದು, ಪಕ್ಕದಲ್ಲೇ ಎರಡು ಸಬ್ ವೂಫರ್, ನಾನು ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಎರಡನ್ನೂ ಚೆಂದಾಗಿ ಜೋಡ್ಸಿ ಶುರು ಮಾಡ್ದೆ. ಬೇಸ್ ಏರ್ಸಿದ ತಕ್ಷಣ ಹಲಗೆ ನಡುಕ ಮುಳ್ಳಿಗೆ ಹತ್ತಿ, ಮುಳ್ಳು ಆ ನಡುಕಾನೂ ಟೈಮ್‌ಕೋಡ್ ಜೊತೆ ಸೇರ್ಸಿ ಕಳ್ಸಿ, ಹಾಡು ಚಳಿಜ್ವರ ಬಂದಂಗೆ ಅಲ್ಲಾಡೋಕೆ ಶುರು. ಆಮೇಲೆ ಗಂಡಿನ ಫ್ರೆಂಡ್ಸ್ ಎಲ್ಲಾ ಮೇಲೆ ಹತ್ತಿ ಕುಣಿದ್ರು ನೋಡಿ, ಮುಳ್ಳು ಎಗರ್ತು, ಮುಳ್ಳಿನ ಜೊತೆ ಹಾಡೂ ಪಲ್ಲವಿಯಿಂದ ಸೀದಾ ಎರಡನೇ ಚರಣಕ್ಕೆ ಎಗರ್ತು. ಹುಡುಗಿ ಕಡೆ ದೊಡ್ಡಪ್ಪ ಒಬ್ರು ಬಂದು ಪ್ಲೇಟ್ ನೋಡಿ, 'ಏನಪ್ಪಾ, ರೆಕಾರ್ಡ್ ಸವೆದೋಗಿದೆ, ಬೇರೆ ಹಾಕು' ಅಂದ್ರು. ಆ ಗಲಾಟೇಲಿ ಟೈಮ್‌ಕೋಡ್ ಅಂದ್ರೇನು ಅಂತ ಹೇಳ್ತಾ ಕೂರೋಕಾಗುತ್ತಾ, 'ಹ್ಞೂಂ ದೊಡ್ಡಪ್ಪ' ಅಂದೆ.

ಅವತ್ತು ಮಾನ ಉಳ್ಸಿದ್ದು ಸಾಫ್ಟ್‌ವೇರಲ್ಲಿರೋ ರಿಲೇಟಿವ್ ಮೋಡು. ಆಬ್ಸಲ್ಯೂಟ್ ಮೋಡಲ್ಲಿ ಮುಳ್ಳು ಎಲ್ಲಿ ಬಿತ್ತೋ ಹಾಡು ಅಲ್ಲಿಗೆ ಹೋಗುತ್ತೆ, ರಿಲೇಟಿವ್‌ನಲ್ಲಿ ಸ್ಪೀಡು ದಿಕ್ಕು ಮಾತ್ರ ತಗೊಂಡು ಎಗರಿದ್ದನ್ನ ಕ್ಯಾರೇ ಅನ್ನಲ್ಲ. ಆದ್ರೆ ಮುಳ್ಳೆತ್ತಿ ಹಾಡಿನ ಮಧ್ಯಕ್ಕೆ ಇಡೋ ಮಜಾನೂ ಹೋಯ್ತು, ನಡುಕಾನೂ ಹೋಗ್ಲಿಲ್ಲ. ಮಾರನೇ ದಿನ ಕಡಪಾ ಕಲ್ಲಿನ ತುಂಡೆರಡು ತಂದು, ಟೆನ್ನಿಸ್ ಬಾಲ್ ಅರ್ಧ ಕುಯ್ದು ಕೆಳಗಿಟ್ಟು, ಅದರ ಮೇಲೆ ಟರ್ನ್‌ಟೇಬಲ್ ಇಟ್ಟೆ. ಕೆಲ್ಸ ಮಾಡ್ತು, ನಿಜವಾಗ್ಲೂ. ಆದ್ರೆ ಒಂದೊಂದು ಟರ್ನ್‌ಟೇಬಲ್ಲೇ ಹತ್ತು ಕೆಜಿ ಮೇಲೆ, ಅದರ ಜೊತೆ ಕಲ್ಲು ಬೇರೆ, ಸೊಂಟ ಯಾರ್ದು?

ಕರೆಂಟ್ ವಿಷ್ಯಕ್ಕೆ ಬಂದ್ರೆ ಫೋನೊ ಸಿಗ್ನಲ್, ಅಂದ್ರೆ ಟರ್ನ್‌ಟೇಬಲ್ ಮುಳ್ಳಿಂದ ಬರೋದು, ಕೆಲವೇ ಮಿಲಿವೋಲ್ಟ್, ಗ್ರೌಂಡ್ ವೈರ್ ಸ್ವಲ್ಪ ಸಡಿಲ ಆದ್ರೂ ಗುಂಯ್ ಅನ್ನುತ್ತೆ. ಕರೆಂಟ್ ಹೋಗಿ ಜನರೇಟರ್‌ಗೆ ಬದ್ಲಾದಾಗ ಸಾಫ್ಟ್‌ವೇರಲ್ಲಿ ಟೈಮ್‌ಕೋಡ್ ಸಿಗ್ನಲ್ ತೋರ್ಸೋ ಸ್ಕೋಪಲ್ಲಿ ದುಂಡಗಿದ್ದ ಹಸಿರು ಉಂಗುರ ಒರಟು ಒರಟಾಗಿ, ಮತ್ತೆ ಕ್ಯಾಲಿಬ್ರೇಟ್ ಮಾಡ್ಬೇಕಾಯ್ತು. ಸಿಡಿ ಪ್ಲೇಯರ್ ಲೈನ್ ಲೆವೆಲ್, ಅಂದ್ರೆ ಅದಕ್ಕಿಂತ ತುಂಬಾ ಜೋರಾದ ಸಿಗ್ನಲ್, ಈ ರಗಳೆ ತುಂಬಾ ಕಮ್ಮಿ. ನಾನೇ ಒಂದ್ಸಲ ಪ್ಲೇಯರಿಗೂ ಲ್ಯಾಪ್‌ಟಾಪಿಗೂ ಮಧ್ಯೆ ಇರೋ ಆಡಿಯೊ ಬಾಕ್ಸ್ ಸ್ವಿಚ್ಚು ಫೋನೊದಲ್ಲೇ ಬಿಟ್ಟು ಸಿಡಿ ಹಾಕ್ಬಿಟ್ಟೆ, ಉಂಗುರ ಚಚ್ಚೌಕ ಆಗೋಗಿತ್ತು, ಹತ್ತು ನಿಮಿಷ ಕೇಬಲ್ ಕಿತ್ತು ಕಿತ್ತು ನೋಡಿದ್ಮೇಲೆ ಸ್ವಿಚ್ ಕಣ್ಣಿಗೆ ಬಿತ್ತು.

ಸಿಡಿ ಕಡೆ ಎರಡು ಮಾತು ನೆನಪಿಟ್ಕೊಳ್ಳಿ. ಸೆರಾಟೊ ಕಂಟ್ರೋಲ್ ಸಿಡಿ ಫೈಲು ಬಿಟ್ಟಿ ಸಿಗುತ್ತೆ, ಅದನ್ನ ಆಡಿಯೊ ಸಿಡಿಯಾಗೇ ನಿಧಾನ ಸ್ಪೀಡಲ್ಲಿ ಬರೀರಿ, ಎಂಪಿ3 ಮಾಡಿದ್ರೆ ಕೆಟ್ಟಂಗೇ. ಇನ್ನೊಂದು, ಪ್ಲೇಯರಲ್ಲಿ ಮಾಸ್ಟರ್ ಟೆಂಪೊ (ಸ್ಪೀಡ್ ಬದ್ಲಾದ್ರೂ ಸ್ಥಾಯಿ ಬದ್ಲಾಗದಂಗೆ ಮಾಡೋದು) ಆಫ್ ಇರ್ಲಿ, ಯಾಕಂದ್ರೆ ಅದು ಕುಯ್ಯ್ ಸದ್ದಿನ ಸ್ಥಾಯೀನೇ ಹಿಡಿದಿಟ್ಕೊಂಡ್ರೆ ಪಾಪ ಸಾಫ್ಟ್‌ವೇರ್‌ಗೆ ಸ್ಪೀಡ್ ಹೆಂಗೆ ಗೊತ್ತಾಗ್ಬೇಕು, ಅದೇ ಕೆಲ್ಸ ಮಾಡೋ ಕೀ ಲಾಕ್ ಬೇಕಂದ್ರೆ ಲ್ಯಾಪ್‌ಟಾಪಲ್ಲೇ ಹಾಕಿ. ನನ್ ಸೆಕೆಂಡ್ ಹ್ಯಾಂಡ್ ಪ್ಲೇಯರ್ ಒಂದು ಕ್ಯಾತ್ಸಂದ್ರದ ಧೂಳು ಕುಡ್ದು ಕುಡ್ದು ಒಂದಿನ ಸಿಡಿ ಓದಲ್ಲ ಅಂತ ಮುಷ್ಕರ ಹೂಡ್ತು, ಲೆನ್ಸ್ ಒರ್ಸಿದ್ಮೇಲೆ ಸರಿಹೋಯ್ತು. ಸಿಡಿ ಗೀರಾದ್ರೆ ಇನ್ನೊಂದು ಬರ್ಕೊಂಡ್ರಾಯ್ತು, ಪೌಚಲ್ಲಿ ಆರು ಇಟ್ಟಿರ್ತೀನಿ. ಪ್ಲೇಟು ಸವೆದ್ರೆ, ಮುಳ್ಳು ಮುರಿದ್ರೆ ಸಾವಿರಗಳ ಲೆಕ್ಕ.

ಪಿಚ್, ಅಂದ್ರೆ ಸ್ಪೀಡ್ ಏರ್ಸಿ ಇಳ್ಸೋ ವಿಷ್ಯದಲ್ಲೂ ಸಿಡಿನೇ. 112 ಬಿಪಿಎಂ (ನಿಮಿಷಕ್ಕೆ ಬೀಟ್) ಹಾಡನ್ನ 128ಕ್ಕೆ ಎಳೀಬೇಕಂದ್ರೆ 14 ಪರ್ಸೆಂಟ್ ಮೇಲೆ ಬೇಕು, ಟೆಕ್ನಿಕ್ಸ್ ಎಂಕೆ2 ಪಿಚ್ ಫೇಡರ್ 8ಕ್ಕೇ ನಿಲ್ಲುತ್ತೆ, ಸಿಡಿ ಪ್ಲೇಯರಲ್ಲಿ ಸಾಮಾನ್ಯವಾಗಿ 16 ಸಿಗುತ್ತೆ.

ಇಷ್ಟೆಲ್ಲಾ ಬೈದ್ರೂ ತಮಟೆ ಬಂದಾಗ ನಂಗೆ ಪ್ಲೇಟೇ ಬೇಕು. ಲೈವ್ ರೆಕಾರ್ಡ್ ಮಾಡಿದ ತಮಟೆ ಗಡಿಯಾರ ನೋಡ್ಕೊಂಡು ಬಡಿದಿದ್ದಲ್ಲ, ಹುರುಪು ಬಂದಂಗೆ ಏರುತ್ತೆ, ಕೈ ಸೋತಂಗೆ ಇಳಿಯುತ್ತೆ, ಎರಡು ಹಾಡಿನ ಬೀಟ್ ತಾನಾಗೇ ಕೂಡ್ಸೋ ಸಿಂಕ್ ಬಟನ್ ಅಲ್ಲಿ ಪೆದ್ದ. ಪ್ಲೇಟ್ ಅಂಚಿಗೆ ಬೆರಳು ಹಂಗೇ ಸವರಿದ್ರೆ ಅದು ಎಷ್ಟು ತಡೀತು ಅಂತ ಬೆರಳಿಗೇ ಗೊತ್ತಾಗುತ್ತೆ. ನನ್ ಸಿಡಿ ಪ್ಲೇಯರ್ ಮೇಲಿರೋ ದುಂಡು ಚಕ್ರ, ಜಾಗ್ ವೀಲು, ತಿರುಗೋದೇ ಇಲ್ಲ, ತಳ್ಳಿದಾಗ ಮಾತ್ರ ಅಲ್ಲಾಡುತ್ತೆ, ಪಕ್ಕಕ್ಕೆ ತಳ್ಳಿ ತಳ್ಳಿ ಸರಿ ಮಾಡ್ಬೋದು, ಆದ್ರೆ ಅದು ಕಿವೀಲಿ ಕೇಳಿ ಮಾಡೋದು, ಬೆರಳಲ್ಲಿ ಗೊತ್ತಾಗಿ ಮಾಡೋದಲ್ಲ. ಸ್ಕ್ರಾಚಿಗಂತೂ ಕೇಳಲೇಬೇಡಿ.

ಯುಎಸ್‌ಬಿ ಕೇಬಲ್ ಹಾಕಿ ಎಚ್‌ಐಡಿ ಮೋಡಲ್ಲಿ, ಅಂದ್ರೆ ಸಾಫ್ಟ್‌ವೇರನ್ನ ನೇರವಾಗಿ ಆಡ್ಸೋ ಮೋಡಲ್ಲಿ ಓಡೋ ಪ್ಲೇಯರ್ ಇದ್ರೆ ಟೈಮ್‌ಕೋಡ್ ಸಿಡಿನೂ ಬೇಡ, ಲೆನ್ಸ್ ಚಿಂತೆನೂ ಇಲ್ಲ. ಫ್ರೆಂಡ್ ಹತ್ರ ಒಂದ್ ಸಂಜೆ ಆಡ್ದೆ, ಹಾಡಿನ ಹೆಸ್ರು ಪ್ಲೇಯರ್ ಪರದೆ ಮೇಲೇ ಬರುತ್ತೆ, ಖುಷಿ ಆಯ್ತು, ರೇಟ್ ಕೇಳಿ ಸುಮ್ನಾದೆ.

ಈಗ ಶಿರಾ, ಕುಣಿಗಲ್, ಎಲ್ಲೇ ಆರ್ಡರ್ ಬಂದ್ರೂ ಹೋಗೋದು ಸಿಡಿ ಪ್ಲೇಯರೇ, ಅದಕ್ಕೂ ಮುಂಚೆ ಸ್ಟೇಜ್ ಹಲಗೇದಾ ಸಿಮೆಂಟಿಂದಾ ಅಂತ ಒಂದು ಫೋನು. ಸಿಮೆಂಟು ಅಂದ್ರೆ ಒಂದು ಟರ್ನ್‌ಟೇಬಲ್ಲೂ ಆಟೋ ಹತ್ತುತ್ತೆ, ತಮಟೆಗೆ.