ಉಪ್ಪುಗಾಳಿಯ ಊರಲ್ಲಿ ಮಿಠಾಯಿ-ಆಟಿಕೆ ಮೆಷಿನ್: ಮಳೆಗಾಲಗಳನ್ನು ಕಂಡ ಮೇಲಿನ ವಿಮರ್ಶೆ

ನಾಣ್ಯ ಹಾಕಿ ಹಿಡಿಕೆ ತಿರುಗಿಸುವ ಎರಡು ತಲೆಯ ಮೆಷಿನ್ ಇದು. ಒಂದು ತಲೆಯಲ್ಲಿ ಬಿಡಿ ಮಿಠಾಯಿ, ಇನ್ನೊಂದರಲ್ಲಿ ಕ್ಯಾಪ್ಸೂಲ್ ಆಟಿಕೆ, ಅಂದರೆ ಪ್ಲಾಸ್ಟಿಕ್ ಉಂಡೆಯೊಳಗೆ ಇಟ್ಟ ಆಟಿಕೆ. ಕಾರವಾರದಿಂದ ಭಟ್ಕಳದವರೆಗೆ ಎಲ್ಲೇ ಇಟ್ಟರೂ ಆಟಿಕೆಯ ತಲೆ ವರ್ಷವಿಡೀ ದುಡಿಯುತ್ತದೆ. ಮಿಠಾಯಿಯ ತಲೆ ದೀಪಾವಳಿಯಿಂದ ಮೇ ತಿಂಗಳವರೆಗೆ ಮಾತ್ರ. ಕೊಳ್ಳುವ ಹೊತ್ತಿಗೆ ಇದನ್ನು ಯಾರೂ ಹೇಳುವುದಿಲ್ಲ. ಎತ್ತರ, ತೂಕ, ಬಣ್ಣ ಎಲ್ಲವೂ ಮಾರುವವರ ಪಟ್ಟಿಯಲ್ಲಿ ಸಿಗುತ್ತದೆ, ಹಾಗಾಗಿ ಇಲ್ಲಿ ಹೆಚ್ಚಾಗಿ ತೇವದ ಮಾತೇ.

ಮೊದಲು ಮೆಚ್ಚಬೇಕಾದ್ದು. ಇದಕ್ಕೆ ಕರೆಂಟು ಬೇಡ. ಜೂನ್ ಗಾಳಿಗೆ ಮರ ಬಿದ್ದು ಲೈನು ಹೋದರೂ ಮೆಷಿನ್ ನಿಲ್ಲುವುದಿಲ್ಲ. ಸೀಳಿನಲ್ಲಿ ಕೂತ ನಾಣ್ಯವೇ ಹಿಡಿಕೆಗೂ ಒಳಗಿನ ಹಲ್ಲುಚಕ್ರಕ್ಕೂ ನಡುವಿನ ಕೊಂಡಿ. ನಾಣ್ಯವಿಲ್ಲದೆ ಹಿಡಿಕೆ ತಿರುಗದು. ಹಲ್ಲುಚಕ್ರ ತಿರುಗಿದರೆ ಅದರ ಮೇಲಿನ ಗುಳಿಚಕ್ರವೂ ತಿರುಗಿ, ಒಂದು ಗುಳಿಯಷ್ಟು ಮಾಲು ತೂತಿನಿಂದ ಉದುರುತ್ತದೆ. ತೂತಿನ ಮೇಲೆ ಕೂತ ಬ್ರಶ್ ಹೆಚ್ಚಿನದು ಬೀಳದಂತೆ ತಡೆಯುತ್ತದೆ. ಹಿಡಿಕೆ ಹಿಂದಕ್ಕೆ ತಿರುಗದಿರಲು ಒಂದು ಸಣ್ಣ ಕೊಕ್ಕೆ, ಆ ಕೊಕ್ಕೆಯನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ಇಷ್ಟನ್ನು ಅರ್ಥ ಮಾಡಿಕೊಂಡವರು ಸ್ಕ್ರೂ ಡ್ರೈವರ್ ಒಂದರಲ್ಲೇ ಪೂರ್ತಿ ರಿಪೇರಿ ಮಾಡಬಲ್ಲರು.

ಕಾಯಿನ್ ಮೆಕ್ (ಸೀಳು, ಹಿಡಿಕೆ, ಹಲ್ಲುಚಕ್ರ ಸೇರಿದ ಭಾಗ) ಯಾವ ನಾಣ್ಯದ್ದು ಎಂಬುದನ್ನು ಆರ್ಡರ್ ಮಾಡುವಾಗಲೇ ತೀರ್ಮಾನಿಸಬೇಕು. 5 ರೂಪಾಯಿಯದ್ದು ಬೇಡ. ಹಳೆಯ 5ರ ನಾಣ್ಯ 23 ಮಿ.ಮೀ., 2019ರ ಸರಣಿಯದ್ದು 25 ಮಿ.ಮೀ. ಹೊಸದಕ್ಕೆ ಸೀಳು ಹೊಂದಿಸಿದರೆ 25 ಮಿ.ಮೀ. ಅಗಲದ 2 ರೂಪಾಯಿ ನಾಣ್ಯವೂ ಅದರಲ್ಲಿ ಕೂರುತ್ತದೆ, ಹಳೆಯದಕ್ಕೆ ಹೊಂದಿಸಿದರೆ ಹೊಸ 5 ಒಳಗೇ ಹೋಗುವುದಿಲ್ಲ. 10ರ ನಾಣ್ಯ ಯಾವ ಸರಣಿಯದಾದರೂ 27 ಮಿ.ಮೀ. ಒಂದೇ ಎಚ್ಚರಿಕೆ: ಹನ್ನೆರಡು ಮೂಲೆಯ 20ರ ನಾಣ್ಯವೂ 27 ಮಿ.ಮೀ. ಇದೆ. ಮೆಷಿನ್‌ಗೆ ಎರಡೂ ಒಂದೇ, ಮಗುವಿಗೆ ಹತ್ತು ರೂಪಾಯಿ ನಷ್ಟ. ‘10ರ ನಾಣ್ಯ ಮಾತ್ರ’ ಎಂದು ಸೀಳಿನ ಪಕ್ಕದಲ್ಲೇ ದೊಡ್ಡದಾಗಿ ಅಂಟಿಸಿ. 10ರ ನಾಣ್ಯ ನಡೆಯುವುದಿಲ್ಲ ಎಂದು ಈಗಲೂ ವಾದಿಸುವ ಅಂಗಡಿಗಳಿವೆ. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಆ ಪ್ರಕಟಣೆಯ ಪ್ರತಿಯೊಂದನ್ನು ಅಂಗಡಿಯವರ ಕೈಗೆ ಕೊಟ್ಟರೆ ಪೆಟ್ಟಿಗೆಯ ನಾಣ್ಯವನ್ನು ಅವರೇ ಚಿಲ್ಲರೆಗೆ ಇಟ್ಟುಕೊಂಡು ನೋಟು ಕೊಡುತ್ತಾರೆ. ನಾಣ್ಯದ ಚೀಲ ಹೊತ್ತು ಬ್ಯಾಂಕಿಗೆ ಹೋಗುವ ಕೆಲಸ ತಪ್ಪುತ್ತದೆ.

ಇನ್ನು ಮಿಠಾಯಿ. ಮೆಷಿನ್ ಮೇಲೆ ಬೇಸರ ಬರುವುದು ಇಲ್ಲೇ. ಗಾಳಿಯ ತೇವಾಂಶ ಶೇ. 85 ದಾಟಿದರೆ ಹರಳು ಸಕ್ಕರೆಯೇ ನೀರು ಹೀರಿ ಕರಗತೊಡಗುತ್ತದೆ. ಪಾಕ ಕಾಯಿಸಿ ಮಾಡಿದ ಗಟ್ಟಿ ಮಿಠಾಯಿ ಅದಕ್ಕೂ ಬಹಳ ಮೊದಲೇ ಬೆವರುತ್ತದೆ. ಜುಲೈನಲ್ಲಿ ಕಾರವಾರದ ಗಾಳಿ ಹೆಚ್ಚೂಕಡಿಮೆ ಅದೇ ಮಟ್ಟದಲ್ಲಿರುತ್ತದೆ. ಮಾಲು ತುಂಬುವ ಪಾರದರ್ಶಕ ಗ್ಲೋಬಿನ ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಮಾಲು ಉದುರುವ ಬಾಯಿ ಕೆಳಗೆ ತೆರೆದೇ ಇರುತ್ತದಲ್ಲ, ತೇವ ಅಲ್ಲಿಂದಲೇ ಏರುತ್ತದೆ. ಮೊದಲು ಹಾಳಾಗುವುದು ತಳದ ಪದರ. ಮೇಲಿನ ಭಾರಕ್ಕೆ ಒತ್ತಿಕೊಂಡು ಗುಳಿಯಲ್ಲೇ ಅಂಟುತ್ತದೆ, ಪಾಕ ಹಿಡಿದ ಬ್ರಶ್ ಒಣಗಿ ಕಡ್ಡಿಯಾಗುತ್ತದೆ. ಮಗು ನಾಣ್ಯ ಹಾಕಿ ತಿರುಗಿಸಿದರೂ ಏನೂ ಬೀಳುವುದಿಲ್ಲ. ಅಂಗಡಿಯವರು ತಮ್ಮ ಭರಣಿಯಿಂದ ಒಂದು ಚಾಕಲೇಟು ತೆಗೆದುಕೊಟ್ಟು ಸಮಾಧಾನ ಮಾಡಬೇಕು. ನಾಲ್ಕು ಸಲ ಹೀಗಾದರೆ ‘ತಮ್ಮಾ, ಇದನ್ನ ಎತ್ಕೊಂಡು ಹೋಗು’ ಎನ್ನುತ್ತಾರೆ, ಅವರು ಹಾಗನ್ನುವುದು ನ್ಯಾಯವೇ. ಬಣ್ಣದ ಗಮ್ ಗುಂಡುಗಳಂತೂ ಒಂದರ ಬಣ್ಣ ಇನ್ನೊಂದಕ್ಕೆ ಬಳಿದು ನಿಲ್ಲುತ್ತವೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕಾಟನ್ ಕ್ಯಾಂಡಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ನಿಷೇಧಿಸಿದ ಮೇಲೆ, ಬಣ್ಣ ಬಿಟ್ಟ ಮಿಠಾಯಿ ಕಂಡ ತಾಯಂದಿರು ಮಗುವಿನ ಕೈ ಹಿಡಿದು ಮುಂದೆ ನಡೆಯುತ್ತಾರೆ. ಅವರ ಅನುಮಾನ ಸರಿಯಾದದ್ದೇ.

ಒಣ ತಿಂಗಳುಗಳಲ್ಲೂ ಎಲ್ಲ ಮಿಠಾಯಿ ನಡೆಯದು. ಚಾಕಲೇಟು ತುಂಬಿದ ಗುಂಡುಗಳು ಮಾರ್ಚ್ ನಂತರ ಒಳಗೇ ಮೆತ್ತಗಾಗುತ್ತವೆ. ಹುರಿದ ಶೇಂಗಾ ಕಮಟು ಹಿಡಿಯುತ್ತದೆ. ಕಾಗದ ಸುತ್ತಿದ ಪೆಪ್ಪರ್‌ಮಿಂಟು ಸುರಿದರೆ ಕಾಗದದ ಕಿವಿ ಚಕ್ರದ ಅಂಚಿಗೆ ಸಿಕ್ಕಿ ಮೆಷಿನ್ ಜಾಮ್. ಬಾಳುವುದು ಸಕ್ಕರೆ ಕವಚದ, ಗಟ್ಟಿಯಾದ, ನುಣ್ಣಗಿನ ಸಣ್ಣ ಮಿಠಾಯಿ ಮಾತ್ರ. ಅದನ್ನೂ ಗ್ಲೋಬಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಒಂದು ತಿರುಗಿಗೆ ಎಷ್ಟು ಬೀಳಬೇಕೆಂದು ಚಕ್ರದ ಗುಳಿಯನ್ನು ಹಿಗ್ಗಿಸಿ ಕುಗ್ಗಿಸಬಹುದು. ಹತ್ತು ಸಲ ತಿರುಗಿಸಿ, ಬಿದ್ದದ್ದನ್ನೆಲ್ಲ ತೂಕ ಮಾಡಿ, ಹತ್ತರಿಂದ ಭಾಗಿಸಿ. ಕಿಲೋಗೆ 200 ರೂಪಾಯಿಯ ಮಿಠಾಯಿ ತಿರುಗಿಗೆ 15 ಗ್ರಾಂ ಬಿದ್ದರೆ 3 ರೂಪಾಯಿ ಮಾಲು ಹೋಯಿತು.

ಇರುವೆಯ ಕಾಟಕ್ಕೆ ಸುಲಭದ ಉಪಾಯ, ಸ್ಟ್ಯಾಂಡಿನ ಪೈಪಿನ ಸುತ್ತ ಎರಡು ಬೆರಳಗಲ ವ್ಯಾಸಲೀನ್ ಬಳಿಯುವುದು. ಧೂಳು ಕೂತಾಗ ಒರೆಸಿ ಹೊಸದು ಹಚ್ಚಬೇಕು. ಇರುವೆ ಪುಡಿ, ಲಕ್ಷ್ಮಣರೇಖೆ ಸೀಮೆಸುಣ್ಣ ತಿನ್ನುವ ಮಾಲಿನ ಹತ್ತಿರ ತರಲೇಬಾರದು.

ಉಪ್ಪು ಕಬ್ಬಿಣವನ್ನು ತಿನ್ನುವ ಬಗೆ ಬೇರೆ. ಮೆಕ್‌ನ ಮೈ ಸಾಮಾನ್ಯವಾಗಿ ಕ್ರೋಮ್ ಬಳಿದ ಸತುವಿನ ಎರಕ, ಅದು ತಡೆದುಕೊಳ್ಳುತ್ತದೆ. ತುಕ್ಕು ಹಿಡಿಯುವುದು ಕೊಕ್ಕೆಯ ಸ್ಪ್ರಿಂಗ್. ಅದು ಸತ್ತರೆ ಹಿಡಿಕೆ ಹಿಂದೆ ಮುಂದೆ ಆಡತೊಡಗಿ ಒಂದೇ ನಾಣ್ಯಕ್ಕೆ ಎರಡು ಸಲ ಮಾಲು ಬೀಳುತ್ತದೆ, ಇಲ್ಲವೇ ನಡುವೆ ಸಿಕ್ಕಿ ನಿಲ್ಲುತ್ತದೆ. ಮೆಷಿನ್ ಬಂದ ಕೂಡಲೇ ಈ ಸ್ಪ್ರಿಂಗನ್ನು ಸ್ಟೇನ್‌ಲೆಸ್ ಸ್ಟೀಲಿನದ್ದಕ್ಕೆ ಬದಲಿಸಿಕೊಳ್ಳಿ. ಕರಾವಳಿಯಲ್ಲಿ ಕಿರ್ ಎಂದ ಪ್ರತಿಯೊಂದಕ್ಕೂ ತೆಂಗಿನೆಣ್ಣೆ ಬಿಡುವ ಅಭ್ಯಾಸವಿದೆ, ಇಲ್ಲಿ ಬಿಡಬೇಡಿ. ಎಣ್ಣೆ ಧೂಳು ಹಿಡಿದು ಮೇಣವಾಗುತ್ತದೆ, ಕಮಟು ವಾಸನೆ ಮಿಠಾಯಿಗೂ ತಾಗುತ್ತದೆ. ಬೀಗಕ್ಕೂ ಮೆಕ್‌ಗೂ ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಸಾಕು. ಸ್ಟ್ಯಾಂಡಿನ ಪೈಪ್ ತುಕ್ಕು ಹಿಡಿಯುವುದು ಕತ್ತರಿಸಿದ ತುದಿಯಿಂದ, ಒಳಗಡೆಯಿಂದ. ಜೋಡಿಸುವ ಮೊದಲೇ ಎರಡೂ ತುದಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಿರಿ.

ಈ ಮೆಷಿನ್ ಮೇಲೆ ಪ್ರೀತಿ ಉಳಿಯುವುದು ವಾರದ ತೊಳೆಯುವ ಕೆಲಸದಿಂದ. ಮುಚ್ಚಳದ ಬೀಗ ತೆಗೆದು ಗ್ಲೋಬ್ ಎತ್ತಿದರೆ ಚಕ್ರ ಕೈಗೆ ಬರುತ್ತದೆ. ಚಕ್ರ, ಬ್ರಶ್ ಎರಡನ್ನೂ ಬಿಸಿನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್‌ನಲ್ಲಿ ಗುಳಿಯ ಮೂಲೆಗಳನ್ನು ತಿಕ್ಕಬೇಕು. ಗ್ಲೋಬನ್ನು ಮೊದಲು ಬರೀ ನೀರಿನಲ್ಲಿ ತೊಳೆಯಿರಿ. ಮರಳಿನ ಕಣವಿರುವಾಗ ಬಟ್ಟೆ ಹಚ್ಚಿದರೆ ಗೀರು ಬೀಳುತ್ತದೆ, ಗೀರು ಬಿದ್ದ ಗ್ಲೋಬಿನಲ್ಲಿ ಎಷ್ಟು ಚೆಂದದ ಆಟಿಕೆಯೂ ಮಂಕು. ಆಮೇಲೆ ಸೌಮ್ಯ ಸೋಪು, ಮೆತ್ತನೆಯ ಹತ್ತಿ ಬಟ್ಟೆ. ಸ್ಪಿರಿಟ್, ಗಾಜು ಒರೆಸುವ ದ್ರಾವಣ ಬೇಡ. ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಗ್ಲೋಬ್ ಸಣ್ಣಗೆ ಬಿರುಕು ಬಿಡುತ್ತದೆ. ಎಲ್ಲ ಭಾಗವನ್ನೂ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ ಮತ್ತೆ ಜೋಡಿಸಿ, ಮೊದಲ ನಾಣ್ಯ ನೀವೇ ಹಾಕಿ. ಹಿಡಿಕೆ ತಡೆಯಿಲ್ಲದೆ ಸುತ್ತಿ ಕೊಕ್ಕೆ ಟಿಕ್ ಎಂದು ಕೂತರೆ ಮುಂದಿನ ವಾರದವರೆಗೆ ಚಿಂತೆಯಿಲ್ಲ.

ಆಟಿಕೆಯ ತಲೆಯಲ್ಲಿ ದೂರು ಕಡಿಮೆ. ರಬ್ಬರ್ ಚೆಂಡು, ಪ್ಲಾಸ್ಟಿಕ್ ಪ್ರಾಣಿ, ಬುಗುರಿ ಮಳೆಗಾಲ ದಾಟುತ್ತವೆ. ಕ್ಯಾಪ್ಸೂಲಿನಲ್ಲಿ ಗಾಳಿಯ ಸಣ್ಣ ತೂತುಗಳಿರುವುದರಿಂದ ಕಬ್ಬಿಣದ ಕೀಚೈನ್, ಉಂಗುರ ಒಳಗೇ ತುಕ್ಕು ಹಿಡಿಯುತ್ತವೆ, ಅವನ್ನು ತರಿಸಬೇಡಿ. ಕ್ಯಾಪ್ಸೂಲ್‌ಗಳು ಚಕ್ರದ ಮೇಲೆ ಕಮಾನು ಕಟ್ಟಿಕೊಂಡು ಇಳಿಯದಿದ್ದರೆ ಚಕ್ರದ ನಡುವೆ ಕಲಕುವ ಸ್ಪ್ರಿಂಗ್ ಹಾಕಿಸಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಅಗ್ಗಕ್ಕೆ ಮೂಟೆಯಲ್ಲಿ ಬರುವ ಗುರುತಿಲ್ಲದ ಮಾಲು ಎಷ್ಟೇ ಲಾಭದ್ದಾದರೂ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ‘3 ವರ್ಷದೊಳಗಿನವರಿಗೆ ಅಲ್ಲ’ ಎಂಬ ಚೀಟಿಯೂ ಇರಲಿ. ಮಿಠಾಯಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಆಟಿಕೆ ಮಾತ್ರ ಇಟ್ಟರೆ ಆ ಕಾಗದಪತ್ರವೂ ಇಲ್ಲ.

ಲೆಕ್ಕ ಹೀಗೆ ನೋಡಿ: ಕ್ಯಾಪ್ಸೂಲು ಸಾಗಣೆ ಸೇರಿ 4 ರೂಪಾಯಿಗೆ ಬಿದ್ದು, 10ರಲ್ಲಿ 2 ರೂಪಾಯಿ ಅಂಗಡಿಯವರ ಪಾಲಾದರೆ ಕೈಗೆ 4. ಪೆಟ್ರೋಲು ಅದರಲ್ಲೇ ಹೋಗಬೇಕು. ಆದ್ದರಿಂದ ಒಂದು ಕಾರವಾರದಲ್ಲಿ, ಒಂದು ಹೊನ್ನಾವರದಲ್ಲಿ ಎಂದು ಹಂಚದೆ, ದಿನದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲೇ ಎಲ್ಲವನ್ನೂ ಇಡಿ. ಠಾಗೋರ್ ಕಡಲತೀರದಲ್ಲಿ, ಯುದ್ಧನೌಕೆ ಮ್ಯೂಸಿಯಮ್ಮಿನ ಆಸುಪಾಸಿನಲ್ಲಿ ಮಕ್ಕಳೇನೋ ಬಹಳ, ಆದರೆ ಗಾಳಿಗೆ ನೇರ ಮೈಯೊಡ್ಡಿದ ಮೆಷಿನ್ ಬೇಗ ಮುಪ್ಪಾಗುತ್ತದೆ. ಬೇಕರಿಯ ಒಳಬದಿ, ಶಾಲೆ ಹತ್ತಿರದ ಸ್ಟೇಶನರಿ ಅಂಗಡಿ, ಹೆದ್ದಾರಿ 66ರ ಹೋಟೆಲಿನ ಕೈತೊಳೆಯುವ ಜಾಗದಿಂದ ದೂರದ ಮೂಲೆ ಒಳ್ಳೆಯದು. ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ಒಣ ತಿಂಗಳುಗಳಲ್ಲಿ ಮಿಠಾಯಿಯೂ ಕರಾವಳಿಗಿಂತ ಚೆನ್ನಾಗಿ ಬಾಳುತ್ತದೆ. ಆದರೆ ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆಯನ್ನು ನಂಬಿ ಮೆಷಿನ್ ಕೊಳ್ಳಬೇಡಿ. ಕಣ್ಣೆದುರು ಆಟಿಕೆಗಳ ರಾಶಿಯೇ ಇರುವಾಗ, ಒಳಗೆ ಏನಿದೆಯೋ ಕಾಣದ ಉಂಡೆಗೆ ಮಕ್ಕಳು ನಿಲ್ಲುವುದಿಲ್ಲ.

ಹೊಸದಾಗಿ ತರಿಸುವವರು ಎರಡೂ ತಲೆಗೆ ಕ್ಯಾಪ್ಸೂಲ್ ಚಕ್ರವನ್ನೇ ಕೇಳಿ. ಮಿಠಾಯಿ ಬೇಕೇ ಬೇಕೆಂದರೆ ಕಂಪನಿಯ ಮೂಲ ಹೊದಿಕೆಯಲ್ಲೇ ಇರುವ ಮಿಠಾಯಿಯನ್ನು ದೊಡ್ಡ ಕ್ಯಾಪ್ಸೂಲಿನೊಳಗೆ ಹಾಕಿ ಮಾರಬಹುದು. ಅಂಟುವುದಿಲ್ಲ, ಚಕ್ರಕ್ಕೆ ಸಿಕ್ಕುವುದಿಲ್ಲ, ಜುಲೈನಲ್ಲೂ ನಡೆಯುತ್ತದೆ. ಇದಕ್ಕೂ ನೋಂದಣಿ ಮಾತ್ರ ಬೇಕೇ ಬೇಕು. ಮಿಠಾಯಿ ಚಕ್ರವೊಂದನ್ನು ಬಿಡಿಯಾಗಿ ತರಿಸಿಟ್ಟುಕೊಳ್ಳಿ, ದೀಪಾವಳಿ ಹೊತ್ತಿಗೆ ಹಾಕಿ, ಮೇ ಕೊನೆಯ ವಾರ ಬಿಚ್ಚಿ ಒಣಗಿಸಿ ಡಬ್ಬಿಯಲ್ಲಿಡಿ.