ಮಡಿಕೇರಿಗೆ ಬ್ಯಾಗ್ ಕಟ್ಟುವಾಗ: ಕೊಡೆಯೋ ರೇನ್‌ಕೋಟೋ, ಸ್ವೆಟರೋ ಶಾಲೋ?

ಮಂಡ್ಯದ ನಮ್ಮ ಮನೆಯಲ್ಲಿ ಮಡಿಕೇರಿ ಹೆಸರು ಬಂದರೆ ಸಾಕು, ಅಮ್ಮ ಬೀರುವಿನ ಮೇಲಿಂದ ಸ್ವೆಟರ್ ಇಳಿಸುತ್ತಾಳೆ. "ಅಲ್ಲಿ ಥಂಡಿ ಕಣೇ, ಇಟ್ಕೊಂಡು ಹೋಗು." ಅಕ್ಕ, ಭಾವ ಅಲ್ಲಿ ಮನೆ ಮಾಡಿ ಮೂರು ವರ್ಷ ಆಯಿತು. ಭಾವ ಅಲ್ಲಿ ಮೇಷ್ಟ್ರು. ಮಹದೇವಪೇಟೆಯಿಂದ ಸ್ವಲ್ಪ ಮೇಲಕ್ಕೆ ಹತ್ತಿದರೆ ಅವರ ಬಾಡಿಗೆ ಮನೆ. ನಾನು ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಜುಲೈನಲ್ಲಿ, ಒಮ್ಮೆ ಡಿಸೆಂಬರ್‌ನಲ್ಲಿ ಹೋಗಿ ಒಂದೊಂದು ವಾರ ಇದ್ದು ಬಂದಿದ್ದೇನೆ. ಪ್ರತಿ ಸಲ ಬೇರೆ ಬೇರೆ ಸಾಮಾನು ಹೊತ್ತುಕೊಂಡು ಹೋಗಿ, ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ ಭಾರ ಆಯಿತು ಅಂತ ಬರೆದಿಟ್ಟುಕೊಂಡಿದ್ದೆ. ಮೊದಲ ಸಲ ಹೋಗುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ನನಗೆ ತಿಳಿದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಡಿಕೇರಿಗೆ ಚಳಿಯನ್ನು ನೆನೆಸಿಕೊಂಡು ಬ್ಯಾಗ್ ಕಟ್ಟಬೇಡಿ, ಒದ್ದೆಯನ್ನು ನೆನೆಸಿಕೊಂಡು ಕಟ್ಟಿ.

ಇದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಸಾವಿರ ಮೀಟರ್ ಮೇಲೆ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ಬಿಸಿ ಇಳಿಯುತ್ತದೆ. ಮೈಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1150 ಮೀಟರ್. ವ್ಯತ್ಯಾಸ 400 ಮೀಟರೂ ಇಲ್ಲ. ಅಂದರೆ ಬರೀ ಎತ್ತರದ ಲೆಕ್ಕದಲ್ಲಿ ಮೈಸೂರಿಗಿಂತ ಎರಡೂವರೆ ಡಿಗ್ರಿ ಕಡಿಮೆ, ಅಷ್ಟೇ. ಊಟಿ 2200 ಮೀಟರ್ ದಾಟುತ್ತದೆ. ನಾವು ಊಟಿಯ ಲೆಕ್ಕವನ್ನು ತಂದು ಮಡಿಕೇರಿಗೆ ಹಾಕುತ್ತೇವೆ, ತಪ್ಪಾಗುವುದು ಅಲ್ಲೇ. ಏಪ್ರಿಲ್ ಮಧ್ಯಾಹ್ನ ಅಕ್ಕನ ಮನೆ ಜಗಲಿಯಲ್ಲಿ ಕೂತರೆ ಸೆಕೆಯೇ ಆಗುತ್ತಿತ್ತು. ಅಮ್ಮ ಕೊಟ್ಟ ಸ್ವೆಟರ್ ಬ್ಯಾಗಿನ ತಳದಲ್ಲಿ ಹೇಗೆ ಹೋಯಿತೋ ಹಾಗೇ ವಾಪಸ್ ಬಂತು.

ಜುಲೈ ಕಥೆ ಬೇರೆ. ನಾವು ಮಂಡ್ಯದವರು ಪೇಪರ್ ಬಂದ ತಕ್ಷಣ ಕೆಆರ್‌ಎಸ್ ಮಟ್ಟ ನೋಡುವವರು. 124.80 ಅಡಿ ತುಂಬಿತಾ ಇಲ್ಲವಾ, ಕೊಡಗಲ್ಲಿ ಮಳೆ ಹಿಡಿಯಿತಾ ಇಲ್ಲವಾ ಅಂತ ವಿಚಾರಿಸುವವರು. ಆದರೆ ಆ ಮಳೆಯ ಒಳಗೆ ನಿಲ್ಲುವುದು ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಮಳೆ ಬರುತ್ತದೆ, ಹೋಗುತ್ತದೆ, ಬಿಸಿಲು ಬಂದು ಎಲ್ಲ ಒಣಗಿಸುತ್ತದೆ. ಅಲ್ಲಿ ಮಳೆ ಬಂದು ಕೂತುಬಿಡುತ್ತದೆ. ಒಂದು ವಾರದಲ್ಲಿ ನಾನು ಬಿಸಿಲು ಕಂಡದ್ದು ಒಟ್ಟು ಅರ್ಧ ಗಂಟೆ.

ಆ ವಾರ ನಾನು ಮಳೆಗೆ ನಾಲ್ಕು ಸಾಮಾನು ಪರೀಕ್ಷೆ ಮಾಡಿದೆ. ಮೂರು ಮಡಿಕೆಯ ಸಣ್ಣ ಕೊಡೆ, ಉದ್ದ ಕೋಲಿನ ಕಪ್ಪು ಕೊಡೆ, ಪ್ಯಾಂಟ್ ಸಮೇತ ಇರುವ ರೇನ್‌ಕೋಟ್, ಮತ್ತೆ ತಲೆ ಮೇಲಿಂದ ಹಾಕಿಕೊಳ್ಳುವ ತೆಳು ಪ್ಲಾಸ್ಟಿಕ್ ಕೊಪ್ಪೆ.

ಮಡಿಸುವ ಕೊಡೆ ಎರಡನೇ ದಿನವೇ ಸೋತಿತು. ರಾಜಾಸೀಟ್ ಹತ್ತಿರ ಕಣಿವೆಯಿಂದ ಗಾಳಿ ಮೇಲೆ ನುಗ್ಗುತ್ತದೆ. ಕೊಡೆ ಮಗುಚಿತು, ಎರಡು ಕಡ್ಡಿ ಮುರಿಯಿತು. ಅವತ್ತು ಸಂಜೆ ಮನೆ ಓನರ್ ಆಂಟಿ ಅದನ್ನು ನೋಡಿ, "ಇದು ಎಂಥ ಕೊಡೆ? ಇದೆಲ್ಲ ನಮ್ಮ ಮಳೆಗೆ ಆಗುವುದಿಲ್ಲ" ಅಂತ ಹೇಳಿ ತಮ್ಮದೇ ಉದ್ದ ಕೊಡೆ ಕೊಟ್ಟರು. ಬಾಗಿದ ಹಿಡಿ, ದಪ್ಪ ಕಡ್ಡಿ, ಅಗಲ ಬಟ್ಟೆ. ಅದನ್ನು ಹಿಡಿದುಕೊಂಡು ಮಾರ್ಕೆಟ್‌ಗೆ, ಓಂಕಾರೇಶ್ವರ ದೇವಸ್ಥಾನಕ್ಕೆ, ಬಸ್‌ಸ್ಟ್ಯಾಂಡಿಗೆ ಎಲ್ಲ ಕಡೆ ಓಡಾಡಿದೆ. ಸೊಂಟದ ತನಕ ಒಣ, ಅದರ ಕೆಳಗೆ ಒದ್ದೆ. ಊರೊಳಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಅಂಗಡಿಗೆ ಹೋದರೆ ಮಡಚಿ ಮೂಲೆಗೆ ಇಡಬಹುದು, ಮೈ ಬೆವರುವುದಿಲ್ಲ. ಇಳಿಜಾರಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಬಂದರೆ ಊರುಗೋಲೂ ಆಗುತ್ತದೆ.

ರೇನ್‌ಕೋಟ್ ಹಾಕಿಕೊಂಡು ಊರು ಸುತ್ತಿದ ದಿನ ಮಾತ್ರ ಹಿಂಸೆ. ಒಂದು ಏರು ಹತ್ತುವಷ್ಟರಲ್ಲಿ ಒಳಗೆಲ್ಲ ಬೆವರು. ಹೊರಗಿನ ಮಳೆಗೆ ನೆನೆಯಲಿಲ್ಲ, ಒಳಗಿನ ಬೆವರಿಗೆ ನೆನೆದೆ. ಹಾಗಂತ ಅದನ್ನು ಬಿಟ್ಟು ಹೋಗಿ ಅಂತ ನಾನು ಹೇಳುವುದಿಲ್ಲ. ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಲ್ಲಿ ಹೋದಾಗ ಕೊಡೆ ಬಿಚ್ಚುವುದಕ್ಕೇ ಆಗಲಿಲ್ಲ. ಅಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಹೊಡೆಯುತ್ತದೆ. ಅಲ್ಲಿ ರೇನ್‌ಕೋಟ್ ಒಂದೇ ಗತಿ. ಪ್ಯಾಂಟ್ ಇರುವುದನ್ನೇ ತಗೊಳ್ಳಿ. ಮಂಡಿ ತನಕ ಬರುವ ಬರೀ ಕೋಟ್ ಹಾಕಿದರೆ ಅದರ ಮೇಲೆ ಜಾರಿದ ನೀರೆಲ್ಲ ಸೀದಾ ನಿಮ್ಮ ಪ್ಯಾಂಟಿಗೆ ಇಳಿಯುತ್ತದೆ.

ತೆಳು ಕೊಪ್ಪೆ ಒಂದು ಗಂಟೆ ಬಾಳಿತು. ಅಬ್ಬಿ ಜಲಪಾತಕ್ಕೆ ಇಳಿಯುವ ಮೆಟ್ಟಿಲಲ್ಲಿ ಕಂಬಿಗೆ ತಾಗಿ ಕಂಕುಳ ಹತ್ತಿರ ಹರಿಯಿತು. ತೋಟದ ಕೆಲಸದವರು ದಪ್ಪ ಪ್ಲಾಸ್ಟಿಕ್ ಶೀಟನ್ನು ಕೊಪ್ಪೆ ಮಾಡಿಕೊಂಡು ದಿನವಿಡೀ ದುಡಿಯುತ್ತಾರೆ. ಹಿಂದೆ ಕಂಬಳಿ ಕೊಪ್ಪೆ ಇತ್ತು. ಎರಡೂ ಗಟ್ಟಿ ವಸ್ತು. ಪ್ರವಾಸಿಗರಿಗೆ ಮಾರುವ ಹಾಳೆಯಂಥ ಪ್ಲಾಸ್ಟಿಕ್‌ಗೂ ಅವಕ್ಕೂ ಹೋಲಿಕೆಯೇ ಇಲ್ಲ. ದಯವಿಟ್ಟು ಅದನ್ನು ಕೊಳ್ಳಬೇಡಿ. ಹರಿದದ್ದನ್ನು ಜನ ಕಾಫಿ ಗಿಡದ ಬುಡದಲ್ಲೇ ಎಸೆದು ಹೋಗುತ್ತಾರೆ. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ಇನ್ನು ಬಟ್ಟೆ. ಬ್ಯಾಗಿನ ಅರ್ಧ ತಪ್ಪು ಇಲ್ಲೇ ಆಗುವುದು. ಒಂದೇ ದಿನ ನೆನೆದ ಮೂರು ಬಟ್ಟೆಯನ್ನು ಒಂದೇ ಹಗ್ಗದ ಮೇಲೆ, ಅಕ್ಕನ ಮನೆ ಜಗಲಿಯಲ್ಲಿ ಒಣಹಾಕಿದೆ. ಜೀನ್ಸ್, ಕಾಟನ್ ಚೂಡಿದಾರ್, ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್. ಟ್ರ್ಯಾಕ್ ಪ್ಯಾಂಟ್ ಬೆಳಿಗ್ಗೆ ಏಳುವಷ್ಟರಲ್ಲಿ ಒಣಗಿತ್ತು. ಚೂಡಿದಾರ್‌ಗೆ ಎರಡೂವರೆ ದಿನ ಬೇಕಾಯಿತು, ಅಷ್ಟರಲ್ಲಿ ಮುಗ್ಗಲು ವಾಸನೆ ಹಿಡಿದಿತ್ತು. ಜೀನ್ಸ್ ನಾಲ್ಕನೇ ದಿನವೂ ಸೊಂಟದ ಪಟ್ಟಿ, ಜೇಬು ಎಲ್ಲ ತಣ್ಣಗೆ ಒದ್ದೆ. ಹತ್ತಿ ನೀರು ಕುಡಿಯುತ್ತದೆ, ಪಾಲಿಯೆಸ್ಟರ್ ಕುಡಿಯುವುದೇ ಇಲ್ಲ ಅನ್ನಬಹುದು. ಮಂಡ್ಯದ ಬಿಸಿಲಿಗೆ ಪಾಲಿಯೆಸ್ಟರ್ ಅಂದರೆ ನನಗೆ ಆಗದು. ಆದರೆ ಕೊಡಗಿನ ಮಳೆಗಾಲಕ್ಕೆ ಅದೇ ಸರಿ. ಕೊನೆಗೆ ಅಕ್ಕ ಜೀನ್ಸನ್ನು ಬಚ್ಚಲ ಒಲೆ ಹತ್ತಿರ ಹರವಿ ಒಣಗಿಸಿದಳು. ಊರಿಗೆ ಬಂದ ಮೇಲೂ ಅದರಲ್ಲಿ ಹೊಗೆ ವಾಸನೆ ಇತ್ತು. ಒಳಉಡುಪು, ಸಾಕ್ಸ್ ಮಾತ್ರ ದಿನದ ಲೆಕ್ಕಕ್ಕೆ ಎರಡರಷ್ಟು ಇಟ್ಟುಕೊಳ್ಳಿ. ಟವೆಲ್ಲೂ ಅಷ್ಟೇ, ದಪ್ಪ ಟರ್ಕಿ ಟವೆಲ್ ಒಂದರ ಬದಲು ತೆಳು ಪಂಚೆ ಟವೆಲ್ ಎರಡು ತಗೊಂಡು ಹೋಗಿ.

ಏಪ್ರಿಲ್‌ಗಾದರೆ ಇದೆಲ್ಲ ಉಲ್ಟಾ. ಆಗ ಕಾಟನ್ನೇ ಹಿತ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಇಡೀ ತೋಟ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ. ಆ ಹೂ ನೋಡಲಿಕ್ಕೆ ಅಂತಲೇ ನಾನು ಹೋಗಿದ್ದು. ಹಗಲು ಬಿಸಿಲು ಚುರುಕು, ಸಂಜೆಗೆ ಯಾವಾಗ ಬೇಕಾದರೂ ಗುಡುಗು. ಟೋಪಿ ಹಾಕಿದೆ, ಕತ್ತು ಸುಟ್ಟಿತು. ಆಗಲೂ ಗೆದ್ದದ್ದು ಕೊಡೆಯೇ.

ಕಾಲಿಗೆ ಏನು ಅನ್ನುವುದಕ್ಕೆ ಹೆಚ್ಚು ಮಾತು ಬೇಡ. ಸ್ಪೋರ್ಟ್ಸ್ ಶೂ ಜುಲೈನಲ್ಲಿ ಒಮ್ಮೆ ನೆನೆದರೆ ಮುಗಿಯಿತು, ಪೇಪರ್ ತುರುಕಿ ಮೂರು ದಿನ ಇಟ್ಟರೂ ಒಣಗಲಿಲ್ಲ. ಹವಾಯಿ ಚಪ್ಪಲಿ ಇಳಿಜಾರಲ್ಲಿ ಜಾರುತ್ತದೆ, ಬೆನ್ನ ಹಿಂದೆಲ್ಲ ಕೆಸರು ಹಾರಿಸುತ್ತದೆ. ಹಿಂದೆ ಪಟ್ಟಿ ಇರುವ, ತಳದಲ್ಲಿ ಆಳ ಗೀರು ಇರುವ ರಬ್ಬರ್ ಸ್ಯಾಂಡಲ್ ಊರಿಗೆ ಸಾಕು. ತೋಟಕ್ಕೆ ಗಂಬೂಟು ಎಲ್ಲಕ್ಕಿಂತ ಮೇಲು, ಆದರೆ ಅದನ್ನು ಬ್ಯಾಗಲ್ಲಿ ಹೊರಲು ಆಗುವುದಿಲ್ಲ. ತೋಟದ ಮನೆಯಲ್ಲಿ ಉಳಿಯುವವರಾದರೆ ಕೇಳಿ ನೋಡಿ, ಹೆಚ್ಚಾಗಿ ಇಟ್ಟಿರುತ್ತಾರೆ.

ಉಂಬಳದ, ಅಂದರೆ ರಕ್ತ ಹೀರುವ ಕಾಡು ಜಿಗಣೆಯ, ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಬಯಲು ಸೀಮೆಯವರು ಹೆದರುವುದೇ ಅದಕ್ಕೆ. ಕಕ್ಕಬ್ಬೆ ಕಡೆ ಭಾವನ ಸ್ನೇಹಿತರ ತೋಟವಿದೆ. ಅಲ್ಲಿಂದ ತಡಿಯಂಡಮೋಳ್ ಬೆಟ್ಟ ಹತ್ತಿರ. 1748 ಮೀಟರ್, ಕೊಡಗಿಗೇ ಎತ್ತರದ್ದು. ಮಳೆಯಲ್ಲಿ ಬೆಟ್ಟ ಹತ್ತುವ ಮಾತೇ ಇರಲಿಲ್ಲ, ತೋಟದಲ್ಲೇ ಎರಡು ಗಂಟೆ ಸುತ್ತಿದೆವು. ಮೂವರೂ ಬೇರೆ ಬೇರೆ ಉಪಾಯ ಮಾಡಿದೆವು. ನಾನು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಅಕ್ಕ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಕೋಲಿಗೆ ಸಿಕ್ಕಿಸಿಕೊಂಡಳು. ಭಾವ ಮಂಡಿ ತನಕ ಬರುವ, ಒತ್ತಾಗಿ ನೇಯ್ದ ಲೀಚ್ ಸಾಕ್ಸ್ ಹಾಕಿದರು.

ಎಣ್ಣೆ ಮೊದಲ ಅರ್ಧ ಗಂಟೆ ಕೆಲಸ ಮಾಡಿತು. ಆಮೇಲೆ ಹುಲ್ಲಿನ ನೀರಿಗೆ ತೊಳೆದು ಹೋಯಿತು. ನನಗೆ ನಾಲ್ಕು ಕಡೆ ಕಚ್ಚಿತ್ತು. ಅಕ್ಕನಿಗೆ ಎರಡು ಕಡೆ. ಉಪ್ಪು ತಾಗಿಸಿದರೆ ಉಂಬಳ ಬಿದ್ದುಬಿಡುತ್ತದೆ, ನಿಜ. ಆದರೆ ಹತ್ತಿದ್ದು ಕಣ್ಣಿಗೆ ಬೀಳಬೇಕಲ್ಲ, ಅದು ಕಚ್ಚಿದರೆ ನೋವೇ ಆಗುವುದಿಲ್ಲ. ಜೊತೆಗೆ ಮಳೆಗೆ ಗಂಟಿನ ಉಪ್ಪು ಕರಗಿ ಬರೀ ಬಟ್ಟೆ ಉಳಿದಿತ್ತು. ಭಾವನ ಕಾಲಿಗೆ ಒಂದೂ ಇಲ್ಲ. ಸಾಕ್ಸ್ ಮೇಲೆ ಐದಾರು ಹತ್ತಿ ದಾರಿ ಸಿಗದೆ ಓಡಾಡುತ್ತಿದ್ದವು. ಬಿಳಿ ಬಟ್ಟೆಯಾದ್ದರಿಂದ ಕಂಡ ಕೂಡಲೇ ಉದುರಿಸಿದರು. ಇದರಲ್ಲಿ ನನಗೆ ಅನುಮಾನವೇ ಇಲ್ಲ, ಸಾಕ್ಸ್ ತಗೊಳ್ಳಿ. ಪ್ಯಾಂಟ್ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ ಮೇಲೆ ಗಟ್ಟಿ ಕಟ್ಟಬೇಕು. ಕಚ್ಚಿದ್ದು ಕಂಡರೆ ಗಾಬರಿಯಾಗಿ ಎಳೆಯಬೇಡಿ, ಉಗುರನ್ನು ಅದರ ಬಾಯಿಯ ಪಕ್ಕಕ್ಕೆ ಜಾರಿಸಿ ಬಿಡಿಸಿ. ರಕ್ತ ಸುಮಾರು ಹೊತ್ತು ಒಸರುತ್ತದೆ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಂಶ ಇರುತ್ತದೆ. ತೊಳೆದು ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಬ್ಯಾಗಲ್ಲಿ ಒಂದು ಸಣ್ಣ ಪಟ್ಟಿ ಹತ್ತಿ ಇರಲಿ.

ಡಿಸೆಂಬರ್‌ಗೆ ಮಾತ್ರ ಅಮ್ಮನ ಮಾತು ಅರ್ಧ ನಿಜ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಸಮಯ, ಕಾಫಿ ಕೊಯ್ಲು ನಡೆಯುತ್ತಿತ್ತು. ಹಗಲೆಲ್ಲ ಹಿತವಾದ ಬಿಸಿಲು, ರಾತ್ರಿ 14 ಡಿಗ್ರಿ ಆಸುಪಾಸು. ದಪ್ಪ ಉಣ್ಣೆ ಸ್ವೆಟರ್, ಫ್ಲೀಸ್ ಜಾಕೆಟ್, ಉಣ್ಣೆ ಶಾಲು ಮೂರನ್ನೂ ತಗೊಂಡು ಹೋಗಿದ್ದೆ. ಸ್ವೆಟರ್ ಬೆಚ್ಚಗಿತ್ತು, ಆದರೆ ಬ್ಯಾಗಿನ ಕಾಲು ಭಾಗ ತಿನ್ನುತ್ತದೆ, ಬೆಳಿಗ್ಗೆ ಹತ್ತಕ್ಕೆಲ್ಲ ಬಿಚ್ಚಿ ಕೈಯಲ್ಲಿ ಹಿಡಿದು ತಿರುಗಬೇಕು. ಶಾಲು ಬಸ್ಸಲ್ಲಿ ತಲೆದಿಂಬಾಯಿತು, ಸಂಜೆ ಹೆಗಲಿಗಾಯಿತು, ರಾತ್ರಿ ರಗ್ಗಿನ ಮೇಲೆ ಇನ್ನೊಂದು ಹೊದಿಕೆಯಾಯಿತು. ಊರೊಳಗೆ ಶಾಲೇ ನನಗೆ ಇಷ್ಟ. ನಸುಕಿನಲ್ಲಿ ಮಾಂದಲಪಟ್ಟಿಗೆ ಹೋಗುವಾಗ ಮಾತ್ರ ಅದು ಸಾಲಲಿಲ್ಲ, ಜೀಪಿನ ಗಾಳಿಗೆ ಹಾರಿಹೋಗುತ್ತಿತ್ತು. ಫ್ಲೀಸ್ ಒಂದೇ ಹಾಕಿದರೆ ಅದರೊಳಗೂ ಗಾಳಿ ತೂರುತ್ತದೆ. ಅದರ ಮೇಲೆ ಮಳೆಗಾಲದ ರೇನ್‌ಕೋಟ್ ಹಾಕಿಕೊಂಡೆ ನೋಡಿ, ಚಳಿ ಹತ್ತಿರವೂ ಸುಳಿಯಲಿಲ್ಲ. ಜುಲೈನಲ್ಲಿ ಬೈದುಕೊಂಡ ಕೋಟೇ ಡಿಸೆಂಬರ್‌ನಲ್ಲಿ ಕೈ ಹಿಡಿಯಿತು.

ಬ್ಯಾಗ್ ಯಾವುದು? ಚಕ್ರದ ಟ್ರಾಲಿ ಬೇಡ, ಬೆನ್ನಿಗೆ ಹಾಕುವುದೇ ಇರಲಿ. ಕೊಡಗಿಗೆ ರೈಲಿಲ್ಲ. ಮೈಸೂರಿಂದ ಬಸ್ಸಲ್ಲಿ ಸುಮಾರು 120 ಕಿಲೋಮೀಟರ್ ಬಂದು ಇಳಿದರೆ ಎಲ್ಲಿ ಹೋದರೂ ಏರು, ಇಳಿಜಾರು, ಮೆಟ್ಟಿಲು. ನನ್ನ ಟ್ರಾಲಿಯ ಒಂದು ಚಕ್ರ ಅಕ್ಕನ ಮನೆ ಏರಲ್ಲೇ ಕಳಚಿತು. ಬೆನ್ನಿನ ಚೀಲದ ಒಳಗೆ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಡಿ. ಹೊರಗೆ ಹಾಕುವ ರೇನ್ ಕವರ್‌ಗಿಂತ ಇದು ಗ್ಯಾರಂಟಿ. ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ಆ ಕವರ್ ತಡೆಯುವುದಿಲ್ಲ. ಬರುವಾಗ ಕಾಫಿಪುಡಿ, ಕರಿಮೆಣಸು, ಜೇನು ತರುವ ಜಾಗ ಬಿಟ್ಟಿರಿ. ಕಾಚಂಪುಳಿ ಬಾಟಲಿ ತಂದರೆ ಅದನ್ನು ಬೇರೆ ಕವರಲ್ಲಿ ನಿಲ್ಲಿಸಿ ತನ್ನಿ. ಕಪ್ಪು ಹುಳಿ ಅದು, ಬಟ್ಟೆಗೆ ಚೆಲ್ಲಿದರೆ ಕಲೆ ಹೋಗುವುದಿಲ್ಲ.

ಈ ಆಗಸ್ಟ್ ಮೊದಲ ವಾರ ಮತ್ತೆ ಹೊರಟಿದ್ದೇನೆ. ಕಕ್ಕಡ 18ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಓನರ್ ಆಂಟಿ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ, ಬನ್ನಿ ಅಂತ ಕರೆದಿದ್ದಾರೆ. ಈ ಸಲ ಅಮ್ಮನೂ ಬರುತ್ತಾಳೆ. ಹಾಗಾಗಿ ಹೊಸ ಪ್ರಶ್ನೆ ಎದ್ದಿದೆ, ಸೀರೆ ಉಡುವವರು ಏನು ತಗೊಂಡು ಹೋಗಬೇಕು? ಮನೆಯಲ್ಲೇ ಒಂದು ಕಾಟನ್ ಸೀರೆ, ಒಂದು ಜಾರ್ಜೆಟ್ ಸೀರೆ ನೆನೆಸಿ ನೆರಳಲ್ಲಿ ಹಾಕಿ ನೋಡಿದೆವು. ಕಾಟನ್ ಸೀರೆ ಸಂಜೆಯಾದರೂ ತಣ್ಣಗಿತ್ತು, ಜಾರ್ಜೆಟ್ ಮಧ್ಯಾಹ್ನಕ್ಕೇ ಒಣಗಿತು. ಎರಡು ಜಾರ್ಜೆಟ್ ಸೀರೆ ಸಾಕು ಅಂತ ಅಮ್ಮ ಒಪ್ಪಿದ್ದಾಳೆ. ಲಂಗ ಮಾತ್ರ ನಾಲ್ಕು ಇಟ್ಟಿದ್ದೇನೆ. ಮೊದಲು ನೆನೆಯುವುದು ಲಂಗದ ಅಂಚು, ಕೊನೆಗೆ ಒಣಗುವುದೂ ಅದೇ.