ಯೆಸ್ ಮಿನಿಸ್ಟರ್ ಡಿವಿಡಿ ಸೆಟ್: ನೈಜೆಲ್ ಹಾಥಾರ್ನ್ ಒಬ್ಬರಿಗೋಸ್ಕರ ತಗೊಳ್ಳಬಹುದು

ಮೊದಲು ಡಬ್ಬಿಯ ಗೋಳು ಹೇಳಿ ಮುಗಿಸುತ್ತೇನೆ. ಬಿಬಿಸಿಯ ‘ಯೆಸ್ ಮಿನಿಸ್ಟರ್’, ‘ಯೆಸ್ ಪ್ರೈಮ್ ಮಿನಿಸ್ಟರ್’ ಎಂಬ ಎರಡೂ ಟಿವಿ ಹಾಸ್ಯ ಧಾರಾವಾಹಿ ಸೇರಿದ ಸೆಟ್ ಇದು, ಒಟ್ಟು 38 ಕಂತು. ಯಾರೋ ಬಳಸಿದ್ದನ್ನೇ ಆನ್‌ಲೈನಿನಲ್ಲಿ ತರಿಸಿದೆ. ಹಾಕಿದರೆ ಮನೆಯ ಪ್ಲೇಯರ್ ಜಪ್ಪಯ್ಯ ಅನ್ನಲಿಲ್ಲ. ಡಿವಿಡಿಗೆ ದೇಶವಾರು ಬೀಗ ಇರುತ್ತದೆ, ಅದಕ್ಕೆ ರೀಜನ್ ಅಂತಾರೆ. ಬ್ರಿಟನ್ನಿನ ಡಿಸ್ಕು ರೀಜನ್ 2, ನಮ್ಮ ದೇಶದ್ದು ರೀಜನ್ 5. ಮಾರಿದವನು ಇದನ್ನು ಹೇಳಿರಲಿಲ್ಲ, ಕೇಳಿದರೆ ಉತ್ತರವೂ ಇಲ್ಲ. ಕೊನೆಗೆ ಹಳೇ ಲ್ಯಾಪ್‌ಟಾಪಿನ ಡ್ರೈವಿನಲ್ಲಿ ರೀಜನ್ ಬದಲಾಯಿಸಿ ನೋಡಿದೆ. ಅದನ್ನೂ 5 ಸಲ ಮಾತ್ರ ಬದಲಾಯಿಸಬಹುದಂತೆ, ಹುಷಾರು.

ಚಿತ್ರ ಅಷ್ಟಕ್ಕಷ್ಟೇ. 80ರ ದಶಕದ ಸ್ಟುಡಿಯೋ ವಿಡಿಯೋ, ಗೋಡೆ ಬಣ್ಣವೆಲ್ಲ ಮಂಕು. ಹಿಂದೆ ನಗು ಕೇಳಿಸುತ್ತದೆ ಅಂತ ಬೈಯುವವರಿದ್ದಾರೆ. ಆದರೆ ಅದು ಆಮೇಲೆ ಅಂಟಿಸಿದ ನಗು ಅಲ್ಲ, ಎದುರಿಗೆ ಜನರನ್ನು ಕೂರಿಸಿಕೊಂಡೇ ಆಡಿದ್ದು. ಇದು ಯಾಕೆ ಮುಖ್ಯ ಅಂದರೆ, ನಟ ಹಾಥಾರ್ನ್ ಮಾಡುವ ಕೆಲಸ ಅರ್ಥವಾಗುವುದೇ ಅದರಿಂದ.

ಅವರ ಪಾತ್ರ ಸರ್ ಹಂಫ್ರಿ ಆಪಲ್‌ಬಿ, ಇಲಾಖೆಯ ಕಾರ್ಯದರ್ಶಿ. ಮಂತ್ರಿ ಬರುತ್ತಾರೆ, ಹೋಗುತ್ತಾರೆ, ಈ ಮನುಷ್ಯ ಅಲ್ಲೇ ಇರುತ್ತಾನೆ. ಮಂತ್ರಿ ಜಿಮ್ ಹ್ಯಾಕರ್ ಏನಾದರೂ ನೇರ ಪ್ರಶ್ನೆ ಕೇಳಿದನೋ, ಹಂಫ್ರಿ ಒಂದು ವಾಕ್ಯ ಶುರುಮಾಡುತ್ತಾನೆ, ಅದು ಇಳಿದು ಹತ್ತಿ ಸುತ್ತಿ ಎಲ್ಲೆಲ್ಲೋ ಹೋಗಿ, ಮಧ್ಯೆ ನಾಲ್ಕು ‘ಆದರೂ’ ದಾಟಿ, ಕೊನೆಗೆ ಬಂದು ನಿಂತಾಗ ಪ್ರಶ್ನೆ ಏನಿತ್ತು ಅನ್ನೋದೇ ಮರೆತಿರುತ್ತದೆ. ಇದನ್ನು ಹಾಥಾರ್ನ್ ಜನರ ಮುಂದೆ, ಒಂದೇ ಉಸಿರಿನಂತೆ, ತಡವರಿಸದೆ ಹೇಳುತ್ತಾರೆ. ಕೈ ಆಡಿಸುವುದಿಲ್ಲ. ದನಿ ಏರಿಸುವುದಿಲ್ಲ. ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋಗುತ್ತದೆ, ಅಷ್ಟೇ. ನಾನು ಸರ್ಕಾರಿ ಕಚೇರಿಯಲ್ಲಿ ‘ಪರಿಶೀಲಿಸಿ ಮಂಡಿಸಿ’ ಅಂತ ಬರೆದ ಕಡತ ವರ್ಷಗಟ್ಟಲೆ ಹೊತ್ತವನು. ಆ ಹುಬ್ಬು ನನಗೆ ಚೆನ್ನಾಗಿ ಗೊತ್ತು.

‘ದಿ ಕಂಪಾಷನೇಟ್ ಸೊಸೈಟಿ’ ಅನ್ನುವ ಕಂತು ನೋಡಿ. ಹೊಸ ಆಸ್ಪತ್ರೆ, 500 ಜನ ಆಡಳಿತ ಸಿಬ್ಬಂದಿ, ರೋಗಿ ಒಬ್ಬರೂ ಇಲ್ಲ. ಹಂಫ್ರಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಹಾಥಾರ್ನ್ ಇದನ್ನು ತಮಾಷೆ ಅಂತ ಆಡುವುದೇ ಇಲ್ಲ, ನಂಬಿ ಆಡುತ್ತಾರೆ. ನಗು ಬರುವುದು ಅಲ್ಲಿಂದ. ಇನ್ನೊಂದು ‘ದಿ ಕೀ’, 1986ರದ್ದು. ಅಷ್ಟೊತ್ತಿಗೆ ಹ್ಯಾಕರ್ ಪ್ರಧಾನಿ. ಪ್ರಧಾನಿ ಕಚೇರಿಗೆ ಹೋಗುವ ಬಾಗಿಲಿನ ಕೀಲಿಯನ್ನು ಹಂಫ್ರಿಯಿಂದ ಕಿತ್ತುಕೊಳ್ಳುತ್ತಾರೆ. ಅಷ್ಟು ಕಂತು ಇಸ್ತ್ರಿ ಮುರಿಯದೆ ಕೂತಿದ್ದ ಮನುಷ್ಯ ಆವತ್ತು ಕಿಟಕಿ ಬಡಿಯುವ ಗತಿಗೆ ಬರುತ್ತಾನೆ. ನಾನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ಹಾಥಾರ್ನ್ ಇಷ್ಟು ಪಳಗಿದ್ದು ಸುಮ್ನೆ ಅಲ್ಲ. 1929ರಲ್ಲಿ ಕವೆಂಟ್ರಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಕೇಪ್‌ಟೌನಿನಲ್ಲಿ ನಾಟಕ ಹಿಡಿದು, ಲಂಡನ್ನಿಗೆ ಬಂದು, ಸರಿಯಾದ ಕೆಲಸ ಸಿಗದೆ ವಾಪಸ್ ಹೋಗಿ, ಮತ್ತೆ ಬಂದವರು. 1969ರಲ್ಲಿ ‘ಡ್ಯಾಡ್ಸ್ ಆರ್ಮಿ’ ಅನ್ನುವ ಹಾಸ್ಯ ಧಾರಾವಾಹಿಯ ಒಂದು ಕಂತಿನಲ್ಲಿ ಅವರ ಪಾತ್ರಕ್ಕೆ ಹೆಸರೂ ಇಲ್ಲ, ಬರೀ ‘ಸಿಟ್ಟಿನ ಮನುಷ್ಯ’. 1980ರಲ್ಲಿ ಹಂಫ್ರಿ ಸಿಕ್ಕಾಗ ವಯಸ್ಸು 50. ಆಮೇಲೆ ಈ ಪಾತ್ರಕ್ಕೆ 4 ಬಾಫ್ಟಾ, ಅಂದರೆ ಬ್ರಿಟನ್ನಿನ ಸಿನಿಮಾ-ಟಿವಿ ಪ್ರಶಸ್ತಿ. ಹ್ಯಾಕರ್ ಆಡಿದ ಪಾಲ್ ಎಡಿಂಗ್ಟನ್‌ಗೆ ಒಂದೂ ಇಲ್ಲ, ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಎದುರಿಗೆ ಪೆಚ್ಚಾಗಿ ಕೂರುವವನು ಅಷ್ಟು ಚೆನ್ನಾಗಿ ಪೆಚ್ಚಾಗದಿದ್ದರೆ ಹಂಫ್ರಿ ಎಲ್ಲಿ ಹೊಳೆಯುತ್ತಿದ್ದ?

ಸೆಟ್ಟಿನ ದೊಡ್ಡ ಕೊರತೆ ಅಂದರೆ ಹಾಥಾರ್ನ್ ಇಲ್ಲಿಗೇ ಮುಗಿದರು ಅನ್ನಿಸಿಬಿಡುತ್ತದೆ. ನಿಜಕ್ಕೂ ಅವರು ಏರಿದ್ದು ಆಮೇಲೆ. ‘ಶ್ಯಾಡೋಲ್ಯಾಂಡ್ಸ್’ ನಾಟಕಕ್ಕೆ 1991ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ. ಅದೇ ವರ್ಷ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅಲನ್ ಬೆನೆಟ್ ಬರೆದ ನಾಟಕದ ಹುಚ್ಚು ಹಿಡಿದ ಮೂರನೇ ಜಾರ್ಜ್ ದೊರೆ. ಅದು 1994ರಲ್ಲಿ ಸಿನಿಮಾ ಆಯಿತು, ಆಸ್ಕರ್‌ಗೂ ಇವರ ಹೆಸರು ಹೋಯಿತು, ಆದರೆ ಗೆದ್ದದ್ದು ಟಾಮ್ ಹ್ಯಾಂಕ್ಸ್. ಆ ಸಿನಿಮಾವನ್ನು ಇದರ ಜತೆಗೇ ನೋಡಿ. ಒಂದು ಮಾತೂ ಎಡವದ ಹಂಫ್ರಿ ಆಡಿದವರೇ ಅಲ್ಲಿ ಬಾಯಿಗೆ ಕಡಿವಾಣವಿಲ್ಲದ ದೊರೆ. ಮಧ್ಯೆ ಸ್ಟಲೋನ್ ಜತೆ ಒಂದು ಫೈಟಿಂಗ್ ಸಿನಿಮಾದಲ್ಲಿ ವಿಲನ್ ಕೂಡ ಆದರು, ಅದನ್ನು ಬಿಟ್ಟರೂ ನಷ್ಟವಿಲ್ಲ. 1999ರಲ್ಲಿ ನಿಜವಾದ ‘ಸರ್’ ಆದರು, ಅದೇ ವರ್ಷ ಜಪಾನಿನ ನಿರ್ದೇಶಕ ನಿನಗಾವಾ ಕೈಕೆಳಗೆ ಕಿಂಗ್ ಲಿಯರ್ ಆಡಿದರು. ವಿಮರ್ಶಕರು ಜಾಸ್ತಿ ಒಪ್ಪಲಿಲ್ಲ. 2001ರ ಡಿಸೆಂಬರ್ 26ಕ್ಕೆ ತೀರಿಕೊಂಡರು.

ಅದೇ 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಜೀ ಮಂತ್ರೀಜೀ’ ಅಂತ ಇದರ ಹಿಂದಿ ರೂಪ ಬಂದಿತ್ತು, ಫಾರೂಕ್ ಶೇಖ್ ಮಂತ್ರಿ. ಅದನ್ನು ನೋಡಿದವರಿಗೆ ಕಥೆ ಗೊತ್ತಿರುತ್ತದೆ. ಆದರೂ ಮೂಲವನ್ನು ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ನಾಚಿಕೆ ಬೇಡ, ಆ ಇಂಗ್ಲಿಷ್ ಇಂಗ್ಲಿಷಿನವರಿಗೇ ಅರ್ಥವಾಗಬಾರದು ಅಂತ ಬರೆದದ್ದು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ರೀಜನ್ ಕಾಟಕ್ಕೆ. ಎರಡನೇ ಡಿಸ್ಕನ್ನು ಆಫೀಸಿನ ಗೆಳೆಯರೊಬ್ಬರು ಒಯ್ದು ಮೂರು ವಾರವಾಯಿತು. ಕೇಳಿದರೆ ‘ಪರಿಶೀಲನೆಯಲ್ಲಿದೆ’ ಅನ್ನುತ್ತಾರೆ.